ನಿಮ್ಮೂರ ಹೊಳಿ ಯಾವುದ್ರಿ?

ಕಾರವಾರದ ಕಡಲ ದಂಡೆಯ ಒಂದು ವಸತಿಗೃಹದಲ್ಲಿ, ಸ್ವಾಗತದ ಮೇಜಿನ ಹಿಂದೆ, ನನ್ನ ದುಡಿಮೆಯ ಕಾಲವೆಲ್ಲ ಕಳೆಯಿತು. ಬಂದವರ ಹೆಸರು, ಊರು, ಎಷ್ಟು ದಿನ ಇರುತ್ತಾರೆ ಎಂಬುದನ್ನು ಎಲ್ಲ ವಸತಿಗೃಹಗಳಲ್ಲೂ ಕೇಳುತ್ತಾರೆ. ನಾನು ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ: "ನಿಮ್ಮೂರ ಹೊಳಿ ಯಾವುದ್ರಿ?"

ಚಿಂಚೋಳಿಯವರು ಮುಲ್ಲಾಮಾರಿ ಎನ್ನುತ್ತಿದ್ದರು. ಸೇಡಂನವರು ಕಮಲಾವತಿ, ವಾಡಿ ಕಡೆಯವರು ಭೀಮಾ. "ನಮ್ಮೂರಿಗಿ ಹೊಳೀನೇ ಇಲ್ರಿ, ಬಾವಿ ನೀರು" ಎಂದವರನ್ನು ಕಂಡರೆ ನನಗೆ ಸಮಾಧಾನ. ಅವರು ಮೊಣಕಾಲುದ್ದ ನೀರಿನಲ್ಲಿ ನಿಂತು, ಫೋಟೊ ತೆಗೆಸಿಕೊಂಡು, ಮರಳು ಝಾಡಿಸಿಕೊಂಡು ಬಂದುಬಿಡುತ್ತಾರೆ. ಹೊಳೆ ಈಜಿದವರು ಹಾಗಲ್ಲ. ಅವರನ್ನು ಕುರ್ಚಿಯಲ್ಲಿ ಕೂಡಿಸಿ, ಚಹಾ ಕೊಟ್ಟು, ಐದು ನಿಮಿಷ ಮಾತಾಡದೆ ನೀರಿಗೆ ಬಿಡುತ್ತಿರಲಿಲ್ಲ.

ಈಗ ನಮ್ಮ ಕಡೆಯ ಹುಡುಗ ಹುಡುಗಿಯರು ಹೋಟೆಲ್ ಕೆಲಸದ ಡಿಪ್ಲೊಮಾ ಮುಗಿಸಿ ಗೋವಾ, ಗೋಕರ್ಣ, ಕಾರವಾರ ಎಂದು ಹೊರಡುತ್ತಿದ್ದಾರೆ. ಕೆಲವರು ಶಹಾಬಾದಿನ ನನ್ನ ಮನೆ ಹುಡುಕಿಕೊಂಡು ಬಂದು, ಆ ಕೆಲಸ ಹೇಗಿರುತ್ತದೆ ಎಂದು ಕೇಳುತ್ತಾರೆ. ಬಡ್ತಿಯ ವಿಷಯ ನನ್ನಲ್ಲಿ ಹೇಳುವಂಥದ್ದೇನೂ ಇಲ್ಲ. ಆ ಪ್ರಶ್ನೆ ನನ್ನ ಬಾಯಿಗೆ ಹೇಗೆ ಬಂತು ಎಂಬುದನ್ನು ಮಾತ್ರ ಬರೆದಿಡಬೇಕು.

ನಾನು ಅಲ್ಲಿಗೆ ಹೋದದ್ದು ಕಲ್ಲಿನ ಲಾರಿಯಲ್ಲಿ. ಕಲಬುರಗಿಯಲ್ಲಿ ಇತಿಹಾಸ ಓದಿ ಬಿ.ಎ. ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದೆ. ಕಾರವಾರದಲ್ಲಿ ಹೊಸದಾಗಿ ಕಟ್ಟುತ್ತಿದ್ದ ವಸತಿಗೃಹದ ನೆಲಕ್ಕೆ ಶಹಾಬಾದಿನ ಫರಸಿ ಕಲ್ಲು ಬೇಕಾಗಿತ್ತು. ದಾರಿಯಲ್ಲಿ ಕಲ್ಲು ಒಡೆಯದಂತೆ ನೋಡಿಕೊಳ್ಳಲು ನನ್ನನ್ನು ಲಾರಿ ಹತ್ತಿಸಿದರು. ಘಟ್ಟ ಇಳಿಯುವಾಗ ತಲೆ ತಿರುಗಿ ಎರಡು ಸಲ ವಾಂತಿಯಾಯಿತು. ಆಮೇಲೆ ಒಂದು ತಿರುವಿನಾಚೆ ಕಾಳಿ ನದಿಯ ಮುಖ, ಅದರಾಚೆ ಸಮುದ್ರ. ಅಷ್ಟು ದೂರದವರೆಗೆ ಏನೂ ಅಡ್ಡವಿಲ್ಲದ್ದನ್ನು ನಾನು ನಮ್ಮ ಕಡೆಯ ಬೇಸಿಗೆಯ ಹೊಲಗಳಲ್ಲಿ ಮಾತ್ರ ನೋಡಿದ್ದೆ.

ವಸತಿಗೃಹದ ಮಾಲಕಿ ಕೊಂಕಣಿ ಮನೆಮಾತಿನವರು, ಗಂಡನನ್ನು ಕಳೆದುಕೊಂಡವರು. ಎಲ್ಲರೂ ಅವರನ್ನು 'ಬಾಯಿ' ಎನ್ನುತ್ತಿದ್ದರು. ನಾನು ಲಾರಿಯ ಚಾಲಕನೊಂದಿಗೆ ತೆಲುಗಿನಲ್ಲಿ, ಕ್ಲೀನರ್‌ನೊಂದಿಗೆ ಉರ್ದುವಿನಲ್ಲಿ, ಅಲ್ಲಿ ನಿಂತಿದ್ದ ಬೆಳಗಾವಿಯ ಮೇಸ್ತ್ರಿಯೊಂದಿಗೆ ಮರಾಠಿಯಲ್ಲಿ ಜಗಳವಾಡುವುದನ್ನು ಅವರು ಜಗುಲಿಯಿಂದ ನೋಡುತ್ತಿದ್ದರು.

"ನಿಂಗೆ ಎಷ್ಟು ಭಾಷೆ ಬರ್ತದೆ?"

"ನಮ್ಮ ವಾಡಿ ಜಂಕ್ಷನ್ ಸ್ಟೇಷನ್‌ದಾಗ ನಿಂತ್ರ ಎಲ್ಲಾ ಬರ್ತಾವ್ರಿ."

"ಕಲ್ಲು ಇಳಿಸು. ನೀ ಹೋಗ್ಬೇಡ."

ಹಾಗೆ ಉಳಿದವನು ಮೂವತ್ತೈದು ವರ್ಷ ಉಳಿದೆ.

ಅತಿಥಿಗಳಿಗೆ ಊರು ತೋರಿಸುವುದೂ ನನ್ನ ಕೆಲಸವಾಗಿತ್ತು. ಇತಿಹಾಸ ಓದಿದವನೆಂಬ ಧೈರ್ಯದಿಂದ ಮೊದಮೊದಲು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ನದಿಯಾಚೆ ಗುಡ್ಡದ ಮೇಲಿರುವ ಸದಾಶಿವಗಡವನ್ನು ಒಬ್ಬ ಮರಾಠಾ ಸರದಾರ ಕಟ್ಟಿಸಿದನೆಂದು ಪುಣೆಯವರ ಗುಂಪೊಂದಕ್ಕೆ ವರ್ಣಿಸುತ್ತಿದ್ದೆ. ಅವರಿಗೆ ಬಹಳ ಖುಷಿಯಾಗಿತ್ತು. ಪಕ್ಕದಲ್ಲಿ ಹಾದುಹೋಗುತ್ತಿದ್ದ ನಿವೃತ್ತ ಮಾಸ್ತರರೊಬ್ಬರು ನಿಂತು ಪೂರ್ತಿ ಕೇಳಿಸಿಕೊಂಡು, "ತಮ್ಮಾ, ನೀ ಹೇಳೂದು ಭಾರೀ ಚೆಂದ ಉಂಟು. ಸುಳ್ಳೊಂದು ಬಿಟ್ರೆ ಬೇರೆ ಏನೂ ತಪ್ಪಿಲ್ಲ" ಎಂದರು. ಸೋದೆಯ ಅರಸನೊಬ್ಬ ತನ್ನ ತಂದೆಯ ಹೆಸರಿನಲ್ಲಿ ಕಟ್ಟಿಸಿದ ಕೋಟೆ ಅದು ಎಂದು ಅವರೇ ಹೇಳಿಕೊಟ್ಟರು. ಅಂದಿನಿಂದ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುವುದನ್ನು ಕಲಿತೆ ಎಂದುಕೊಂಡೆ. ಕಲಿತದ್ದು ಕೋಟೆಯ ವಿಷಯದಲ್ಲಿ ಮಾತ್ರ.

ಆ ಊರಿನ ಸ್ವಭಾವ ನನಗೆ ತಿಳಿದದ್ದು ಆ ಮಾಸ್ತರರ ಜೊತೆ ಸಂಜೆ ಗಾಳಿಮರಗಳ ಕೆಳಗೆ ನಡೆಯುತ್ತ. ನದಿಯ ಒಳಗಿರುವ ಕಡವಾಡದಲ್ಲಿ ಹಿಂದೆ ಇಂಗ್ಲಿಷ್ ವ್ಯಾಪಾರಿಗಳು ಕೋಠಿ, ಅಂದರೆ ವ್ಯಾಪಾರದ ಮನೆ, ಹಾಕಿ ನವಿರು ಅರಿವೆ, ಮೆಣಸು ಕೊಳ್ಳುತ್ತಿದ್ದರಂತೆ. ಅವರೇ ಬಹಳ ಕಾಲದ ನಂತರ ದೊರೆಗಳಾಗಿ ಬಂದು, ಕೊಲ್ಲಿಯ ದಂಡೆಯಲ್ಲಿ ಬಂದರು, ಕಚೇರಿ, ಬಂಗಲೆಗಳ ಊರು ಕಟ್ಟಿದರು. ಘಟ್ಟದ ಮೇಲಿನ ಹತ್ತಿಯೆಲ್ಲ ಇಲ್ಲಿಂದಲೇ ಮುಂಬಯಿಗೆ ಹೋಗುತ್ತದೆ, ಊರು ಇನ್ನೊಂದು ಮುಂಬಯಿ ಆಗುತ್ತದೆ ಎಂದು ಜನ ಕಾದರು. ರೈಲು ಗೋವಾದ ಬಂದರಿಗೆ ಹೋಯಿತು, ಹತ್ತಿ ಅದರ ಹಿಂದೆ ಹೋಯಿತು. ಕಾರವಾರ ಅರ್ಧ ಎದ್ದು ಮತ್ತೆ ಮಲಗಿದವರ ಹಾಗೆ ಉಳಿಯಿತು.

ನನಗೆ ಆ ಊರು ಹಿಡಿಸಿದ್ದು ಅದಕ್ಕೇ. ಗೋವಾಕ್ಕೆ ಹೋಗುವವರು ಇಲ್ಲಿ ಒಂದು ರಾತ್ರಿ ತಂಗಿ, "ಅರೆ, ಇದೂ ಚಲೋ ಅದಲ್ಲ" ಎಂದು ಇನ್ನೊಂದು ದಿನ ಉಳಿಯುತ್ತಿದ್ದರು. ಅಬೋಲಿ ಮುಡಿದ ಮೀನುಗಾರ ಹೆಂಗಸರು ಬುಟ್ಟಿ ಹೊತ್ತು ಹೋಗುವಾಗ ಬೀದಿಯೇ ಅವರಿಗೆ ದಾರಿ ಬಿಡುತ್ತಿತ್ತು. ಬೆಳಿಗ್ಗೆ ದಂಡೆಯ ಮೇಲೆ ಉದ್ದನೆಯ ರಂಪಣಿ ಬಲೆಯನ್ನು ಎರಡು ಸಾಲು ಜನ ಹಗ್ಗ ಹಿಡಿದು ಎಳೆಯುತ್ತಿದ್ದರು. ಅತಿಥಿಗಳೂ ಕೈ ಹಾಕುತ್ತಿದ್ದರು. ಕೈ ಹಾಕಿದವರಿಗೆಲ್ಲ ಒಂದು ಹಿಡಿ ಮೀನು ಸಿಗುತ್ತಿತ್ತು. ಸೇಡಂ ತಾಲ್ಲೂಕಿನ ಕುರಕುಂಟಾದಿಂದ ಬಂದಿದ್ದ ಶುದ್ಧ ಸಸ್ಯಾಹಾರಿ ಮುದುಕರೊಬ್ಬರಿಗೂ ಹಾಗೆ ಮೀನು ಕೊಟ್ಟರು. ಅವರು ಅದನ್ನು ಅಂಗೈಯಲ್ಲಿ ಹಿಡಿದುಕೊಂಡು, "ಇದಕ್ಕ ಏನ್ ಮಾಡ್ಬೇಕ್ರಿ ಈಗ? ವಾಪಸ್ ಬಿಟ್ಟರ ಅವರಿಗಿ ಬ್ಯಾಸರ ಆಗ್ತದೇನು?" ಎಂದು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಅದೇ ಮುದುಕರು ಸಮುದ್ರ ನೋಡಿ ಕೇಳಿದ ಮೊದಲ ಮಾತು: "ಆ ಕಡಿ ದಂಡಿ ಯಾಕ ಕಾಣವಲ್ದು?"

ವಸತಿಗೃಹ ತೆರೆದ ಮೊದಲ ದಿನವೇ ಬಾಯಿ ನನಗೆ ಒಂದು ನಿಯಮ ಹೇಳಿದ್ದರು. ಅತಿಥಿಗಳನ್ನು ನೀರಿಗೆ ಬಿಡುವ ಮೊದಲು, ಪ್ರತಿದಿನ, ತಾಂಡೇಲರನ್ನು ಕೇಳಬೇಕು. ದೋಣಿಯ ಮುಂದಾಳಿಗೆ ಅಲ್ಲಿ ತಾಂಡೇಲ ಎನ್ನುತ್ತಾರೆ. ನಮ್ಮ ಎದುರಿನ ದಂಡೆಯ ರಂಪಣಿ ಬಲೆಯನ್ನು ನಡೆಸುತ್ತಿದ್ದ ಅಜ್ಜ ಅವರು. ಮಳೆಗಾಲ ಮುಗಿದ ಮೇಲೆ ನೀರಿನ ಕೆಳಗಿನ ಮರಳು ದಿಬ್ಬಗಳು ಜಾಗ ಬದಲಿಸುತ್ತವೆ, ನಿನ್ನೆ ಸರಿಯಿದ್ದ ಜಾಗ ಇಂದು ಸರಿಯಿರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. "ತಾಂಡೇಲರನ್ನ ಕೇಳದೆ ಯಾರನ್ನಾದ್ರೂ ಇಳಿಸಿದೆ ಅಂದ್ರೆ, ಅದೇ ದಿನ ನೀ ಬಸ್ಸು ಹತ್ತು" ಎಂದಿದ್ದರು ಬಾಯಿ.

ಎರಡನೆಯ ಚಳಿಗಾಲ ನನ್ನ ಅಕ್ಕ ಮತ್ತು ಮಾವ ಬಂದರು. ಅಕ್ಕನ ಗಂಡನಿಗೆ ನಾನು ಮಾವ ಎನ್ನುತ್ತೇನೆ, ಹೆಸರು ಅಂಬಣ್ಣ. ಶಹಾಬಾದಿನ ಹತ್ತಿರ ಕಾಗಿಣಾ ದಂಡೆಯ ಹಳ್ಳಿ ನಮ್ಮದು. ತಲೆತಲಾಂತರದಿಂದ ಹೊಳೆ ದಾಟಿಸುತ್ತಿದ್ದ ಮನೆತನಗಳು. ಸೇತುವೆ ಬಂದ ಮೇಲೆ ಹೊಲ, ಕೂಲಿ ಎಂದು ಚದುರಿದರೂ ಈಜು ಬಿಟ್ಟಿರಲಿಲ್ಲ. ನನಗೆ ಈಜು ಕಲಿಸಿದ್ದು ಮಾವನೇ. ತುಂಬಿ ಹರಿಯುವ ಕಾಗಿಣೆಯಲ್ಲಿ ಅವನು ಒಂದು ತೋಳು ಮುಂದೆ ಚಾಚಿ, ಮೈಯನ್ನು ಓರೆಯಾಗಿಸಿ, ನೀರಿನೊಂದಿಗೆ ಜಗಳವಾಡದೆ ಆಚೆ ದಡ ಸೇರುವುದನ್ನು ನೋಡಲು ಊರೇ ಬಂದು ನಿಲ್ಲುತ್ತಿತ್ತು. ಪ್ರತಿದಿನ ಬೆಳಿಗ್ಗೆ ಒಮ್ಮೆ ಹೊಳೆಗೆ ಬೀಳದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಬಂದ ಮರುದಿನ ಬೆಳಿಗ್ಗೆ ಅಕ್ಕ ಕೋಣೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ಮಾವನಿಗೆ ತಡೆಯಲಾಗಲಿಲ್ಲ. ಪಂಚೆ ಕಟ್ಟಿಕೊಂಡು ನನ್ನ ಜೊತೆ ದಂಡೆಗೆ ಬಂದ.

"ಎಲ್ಲಿ ಇಳೀಲೋ ಹಣಮಂತಾ? ಎಲ್ಲಾ ಕಡಿ ಕುದಿಯಾಕತ್ತದ ಇದು."

ತಾಂಡೇಲರು ನೂರು ಹೆಜ್ಜೆ ದೂರದಲ್ಲಿ ಬಲೆ ಬಿಚ್ಚುತ್ತಿದ್ದರು. ಕೂಗಿದ್ದರೆ ಕೇಳಿಸುತ್ತಿತ್ತು. ನಾನು ಕೂಗಲಿಲ್ಲ. ಮಾವನ ಮುಂದೆ ಇನ್ನೊಬ್ಬರನ್ನು ಕೇಳುವುದೇ? ನಾನೂ ಹೊಳೆಯ ಮನುಷ್ಯ. ಅಲೆಗಳು ಸಾಲಾಗಿ ಒಡೆಯುತ್ತಿದ್ದವು, ಅವುಗಳ ನಡುವೆ ಒಂದು ಕಡೆ ಮಾತ್ರ, ಒಂದು ಓಣಿಯಷ್ಟು ಅಗಲ, ಅಲೆಯೇ ಇರಲಿಲ್ಲ. ನೀರು ನುಣ್ಣಗೆ, ತುಸು ಕಪ್ಪಗೆ ಇತ್ತು. ನಮ್ಮ ಹೊಳೆಯಲ್ಲಿ ಸ್ನಾನಕ್ಕೆ ಇಳಿಯುವ ಮಡುವಿನ ಹಾಗೆ. ನಾನು ಬೆರಳು ತೋರಿಸಿದೆ.

"ಅಗೋ ಅಲ್ಲಿ. ಶಾಂತ ಅದ ನೋಡ್ರಿ."

ಮಾವ ಓಡಿ ಹೋಗಿ ಧುಮುಕಿದ. ನಾಲ್ಕು ಕೈ ಹಾಕುವಷ್ಟರಲ್ಲಿ ಅವನ ತಲೆ ನಾನು ಅಂದಾಜಿಸಿದ್ದಕ್ಕಿಂತ ಬಹಳ ದೂರದಲ್ಲಿತ್ತು. ಅವನ ಈಜೇ ಹಾಗೆ ಎಂದು ನಾನು ನಕ್ಕೆ. ನಗುತ್ತಲೇ ನಿಂತಿದ್ದೆ. ಅವನು ತಿರುಗಿದ. ದಂಡೆಯತ್ತ ಕೈ ಹಾಕತೊಡಗಿದ. ಕೈ ಹಾಕಿದಷ್ಟೂ ಹಿಂದಕ್ಕೆ ಹೋಗುತ್ತಿದ್ದ.

ಇದನ್ನು ನಾನು ಎಷ್ಟು ಸಲ ಮತ್ತೆ ನೋಡಿದ್ದೇನೋ ಗೊತ್ತಿಲ್ಲ. ಶಹಾಬಾದಿನ ರಸ್ತೆಯಲ್ಲಿ ಯಾರಾದರೂ ಬಸ್ಸು ನಿಲ್ಲಿಸಲು ಕೈ ಎತ್ತಿದರೆ ಈಗಲೂ ಬಸ್ಸು ನಿಲ್ಲುವವರೆಗೆ ನಾನು ಅಲ್ಲೇ ನಿಂತುಬಿಡುತ್ತೇನೆ. ಅವನು ಕೈ ಎತ್ತಿದ್ದು ಒಮ್ಮೆ ಮಾತ್ರ. ನಾನು ಎರಡೂ ಕೈಗಳಿಂದ ಅವನನ್ನು ನನ್ನತ್ತ ಕರೆಯತೊಡಗಿದೆ. "ಇತ್ತ ಬರ್ರಿ ಮಾವಾ! ಸೀದಾ ಬರ್ರಿ! ಜೋರ್ ಹೊಡೀರಿ!" ನಾನು ಕರೆದಷ್ಟೂ ಅವನು ನನ್ನ ಕಡೆಗೇ, ಆ ಸೆಳವಿಗೆ ಎದುರಾಗಿಯೇ, ಈಜಿದ. ಅವನ ತೋಳುಗಳು ನಿಧಾನವಾಗುವುದು ದಂಡೆಯಿಂದಲೇ ಕಾಣುತ್ತಿತ್ತು.

ಯಾರೋ ನನ್ನ ಕೈಗಳನ್ನು ಹೊಡೆದು ಕೆಳಗಿಳಿಸಿದರು. ತಾಂಡೇಲರು.

"ಕರೀಬೇಡ ಮಾರಾಯಾ! ನೀ ಕರೆದ್ರೆ ಅವ ಸೀದಾ ಬರೂಕೆ ನೋಡಿ ಸಾಯ್ತ. ಅದು ಹೊರಗೆ ಓಡೂ ನೀರು. ಹೊಳೆ ಅದು, ಸಮುದ್ರದೊಳಗಿನ ಹೊಳೆ. ಪಕ್ಕಕ್ಕೆ ಹೋಗೂಕೆ ಹೇಳು, ಪಕ್ಕಕ್ಕೆ!"

ಹೊಳೆ ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಉಸಿರು ಬಂತು. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿನ ಕಡೆ ಬೀಸುತ್ತದೆ. ನನ್ನ ದನಿ ಅದರ ಮೇಲೆ ಹೋಯಿತು.

"ಮಾವಾ! ಹೊಳಿ ಅದ ಅದು! ಹೊಳಿ ಬಂದದ! ಅಡ್ಡ ದಾಟ್ರಿ! ಬಲಕ್ಕ ದಂಡಿ ಅದ!"

ಮಾವ ಕೈ ಹಾಕುವುದನ್ನು ನಿಲ್ಲಿಸಿದ. ಮುಳುಗಿದ ಎಂದುಕೊಂಡೆ. ಆಮೇಲೆ ಒಂದು ತೋಳು ಮುಂದೆ ಚಾಚಿತು, ಮೈ ಓರೆಯಾಯಿತು. ಕಾಗಿಣೆಯ ಪ್ರವಾಹ ದಾಟುವ ಅದೇ ಈಜು. ನಮ್ಮಿಂದ ದೂರ ದೂರ ಹೋಗುತ್ತಲೇ ಅಡ್ಡಕ್ಕೆ ಸರಿದ. ಅಲೆ ಒಡೆಯುವ ಜಾಗ ತಲುಪಿದ ಮೇಲೆ ಅಲೆಗಳೇ ಅವನನ್ನು ಒಳಗೆ ದೂಡಿದವು. ಅಷ್ಟರಲ್ಲಿ ತಾಂಡೇಲರ ಕಡೆಯವರು ಹಗ್ಗ ಕಟ್ಟಿಕೊಂಡು ನೀರಿಗೆ ಇಳಿದಿದ್ದರು. ಸೊಂಟ ಹಿಡಿದು ಮರಳಿಗೆ ಎಳೆದು ಹಾಕಿದರು.

ಅವನು ಮಗ್ಗುಲಾಗಿ ಬಿದ್ದು ನೀರು ಕಾರುತ್ತಿದ್ದ. ಬಾಯಿ ಓಡಿ ಬಂದರು. ಅವರ ಹಿಂದೆ ಅರ್ಧ ಬಾಚಿದ ತಲೆಯಲ್ಲಿ ಅಕ್ಕ.

"ಇವರನ್ನ ಅಲ್ಲಿ ಇಳಿಸಿದ್ದು ಯಾರು?" ಬಾಯಿ ನನ್ನನ್ನೇ ನೋಡುತ್ತ ಕೇಳಿದರು.

"ಬ್ಯಾಡ ಅಂದೆ ರೀ," ಎಂದೆ. "ಭಾಳ ಹೇಳಿದೆ. ಕೇಳಲಿಲ್ಲ."

ಮಾವ ಕಣ್ಣು ತೆರೆದು ನನ್ನನ್ನು ನೋಡಿದ. ಬಾಯಿಯವರನ್ನು ನೋಡಿದ. "ಹೌದ್ರಿ," ಎಂದ. "ತಪ್ಪು ನಂದೇ. ಹುಡುಗ ಹೇಳಿದ್ದ."

ಅಕ್ಕ ಅಳಲಿಲ್ಲ. ಮರಳಿನಲ್ಲಿ ಕುಳಿತು, ಅವನ ಒದ್ದೆ ಕೈಯನ್ನು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ಇಷ್ಟು ಸೊಕ್ಕೇನ್ರಿ ನಿಮಗ? ನನ್ನ ತಮ್ಮ ಬ್ಯಾಡ ಅಂದ್ರೂ ಇಳೀತೀರಿ? ನನ್ನ ಮ್ಯಾಲ ಆಣಿ ಮಾಡ್ರಿ. ಇನ್ನ ಮ್ಯಾಲ ಯಾವ ನೀರಿಗೂ ಇಳೀಂಗಿಲ್ಲ ಅಂತ. ಸಮುದ್ರ ಇರ್ಲಿ, ಹೊಳಿ ಇರ್ಲಿ, ಹಳ್ಳ ಇರ್ಲಿ."

ಅವನು ಆಣೆ ಮಾಡಿದ.

ತಾಂಡೇಲರು ಹಗ್ಗ ಸುತ್ತುತ್ತ ನನ್ನ ಪಕ್ಕ ಹಾದುಹೋದರು. ಮೆಲ್ಲಗೆ, "ನಿನ್ನ ಬೆರಳು ನಾ ಕಂಡಿದ್ದೆ. ನಾಳೆ ಬೆಳಿಗ್ಗೆ ಬಾ, ನೀರು ನೋಡೂಕೆ ಕಲಿಸ್ತೆ" ಎಂದರು. ಯಾರಿಗೂ ಹೇಳಲಿಲ್ಲ.

ನಾನು ಹೋದೆ. ಆರು ತಿಂಗಳು, ಮಳೆ ಹಿಡಿಯುವವರೆಗೆ, ಪ್ರತಿ ಬೆಳಿಗ್ಗೆ ಅವರ ಪಕ್ಕ ಕುಳಿತು ನೀರು ನೋಡಿದೆ. ಅಲೆ ಒಡೆಯದ ಜಾಗವೇ ಹೊರಗೆ ಓಡುವ ದಾರಿ. ದಂಡೆಗೆ ಬಂದ ನೀರೆಲ್ಲ ಅಲ್ಲಿಂದಲೇ ಹಿಂದಿರುಗುತ್ತದೆ. ನೊರೆ, ಕಸ ಯಾವ ಕಡೆ ಸಾಗುತ್ತದೆ ನೋಡಬೇಕು. ಇದನ್ನು ಅತಿಥಿಗಳಿಗೆ ಹೇಗೆ ಹೇಳುವುದು? ಅಪಾಯ ಎಂದು ಹಲಗೆ ಹಾಕಿದರೆ ಹೊಳೆಯವರು ಹಲಗೆಗೆ ಬಟ್ಟೆ ನೇತುಹಾಕಿ ನೀರಿಗೆ ಇಳಿಯುತ್ತಾರೆ. ಅದಕ್ಕೇ ಹೊಳೆಯ ಹೆಸರು ಕೇಳತೊಡಗಿದೆ. ಹೆಸರು ಹೇಳಿದ ಕೂಡಲೇ ಅವರ ಕಣ್ಣಲ್ಲಿ ತಮ್ಮ ಹೊಳೆ ಬರುತ್ತದೆ. ಆಗ ಹೇಳುತ್ತಿದ್ದೆ: "ಈ ಸಮುದ್ರದಾಗ ನಿಮ್ಮ ಮುಲ್ಲಾಮಾರಿ ಹರೀತದ್ರಿ, ಹೊರಗ. ಅದರಾಗ ಸಿಕ್ಕರ ದಂಡಿಗಿ ಬರಬ್ಯಾಡ್ರಿ, ಹೊಳಿ ದಾಟ್ರಿ." ಚಿತ್ತಾಪುರದ ಹೆಂಗಸೊಬ್ಬಳು, ಆಂಧ್ರದ ಇಬ್ಬರು ಅಣ್ಣತಮ್ಮಂದಿರು, ಹೀಗೆ ಕೆಲವರು ಅದೇ ಮಾತು ನೆನೆದು ಈಜಿ ಬಂದರು. ಬಾಯಿ ಎಲ್ಲರೆದುರು ನನ್ನನ್ನು ಹೊಗಳುತ್ತಿದ್ದರು. ಹೊಗಳಿದಾಗಲೆಲ್ಲ ನಾನು ಕೀಲಿಕೈಗಳನ್ನು ಜೋಡಿಸುತ್ತ ನಿಲ್ಲುತ್ತಿದ್ದೆ.

ಊರು ಬದಲಾಯಿತು. ಜನ ಅಷ್ಟು ಕಾಲ ಕಾದ ರೈಲು ಬಂತು, ನಿಲ್ದಾಣ ಮಾತ್ರ ಊರಾಚೆ. ದಕ್ಷಿಣದ ದಂಡೆಗಳು ನೌಕಾನೆಲೆಗೆ ಹೋದವು. ಅಲ್ಲಿಯ ಮೀನುಗಾರರು ಮನೆಗಳನ್ನು ಬಿಟ್ಟು ಬೇರೆಡೆ ನೆಲೆಸಿದರು. ಹೆದ್ದಾರಿ ಅಗಲವಾಗಿ ಊರಿಗೂ ಕಡಲಿಗೂ ನಡುವೆ ನಿಂತಿತು. ರಂಪಣಿ ಎಳೆಯುವವರು ಕಡಿಮೆಯಾದರು, ತಾಂಡೇಲರು ಹೋದರು, ಬಾಯಿಯೂ ಹೋದರು. ಈಗ ಸೀಟಿ ಹಿಡಿದ ಜೀವರಕ್ಷಕರಿದ್ದಾರೆ, ಕೆಂಪು ಬಾವುಟಗಳಿವೆ. ಅದು ಒಳ್ಳೆಯದೇ. ಡಿಪ್ಲೊಮಾ ಮುಗಿಸಿ ಹೊರಟ ನೀವು ಕೆಲಸಕ್ಕೆ ಸೇರುವಾಗ ಅವರ ಜೊತೆ ಒಂದು ಗಂಟೆ ಕುಳಿತು ನೀರು ನೋಡಿ. ಕಂಪ್ಯೂಟರ್‌ನಲ್ಲಿ ಹೊಳೆಯ ಹೆಸರಿಗೆ ಜಾಗವಿರುವುದಿಲ್ಲ, ಬಾಯಲ್ಲಿ ಕೇಳಿ.

ರಜೆಗೆ ಊರಿಗೆ ಬಂದಾಗ ನಾನು ಮಾವನನ್ನು ನೋಡುತ್ತಿದ್ದೆ. ಅವನು ಬೆಳಿಗ್ಗೆ ಹೊಳೆಯವರೆಗೆ ಹೋಗಿ, ದೂರದ ಬಂಡೆಯ ಮೇಲೆ ಕುಳಿತು, ಬಂದು ಹಿತ್ತಲಲ್ಲಿ ಬಕೆಟ್ ನೀರು ಸುರಿದುಕೊಳ್ಳುತ್ತಿದ್ದ. "ಅಂಬಣ್ಣ ಸಮುದ್ರಾನೇ ಕುಡದು ಬಂದಾನ, ಕಾಗಿಣಾ ಅವಗ ಯಾವ ಲೆಕ್ಕ" ಎಂದು ಗೆಳೆಯರು ಕಾಡುತ್ತಿದ್ದರು. ಅವನೂ ನಗುತ್ತಿದ್ದ. ನಾನು ಮೊದಲು ನೌಕರಿ ಹೋಗುತ್ತದೆಂದು ಹೇಳಲಿಲ್ಲ. ಆಮೇಲೆ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆಂದು ಹೇಳಲಿಲ್ಲ.

ನಿವೃತ್ತನಾಗಿ ಬಂದ ಮೇಲೆ ನನಗೆ ಬೆಳಗಾದರೆ ಕಡಲು ಬೇಕು. ಇಲ್ಲಿ ಸಿಮೆಂಟ್ ಕಾರ್ಖಾನೆಯ ಸದ್ದು ದೂರದಿಂದ ಕೇಳಿದರೆ ಒಂದು ಕ್ಷಣ ಕಡಲ ಭರತವೇ ಎನಿಸುತ್ತದೆ. ಎರಡು ವರ್ಷಕ್ಕೇ ನನಗೆ ಹೀಗಾದರೆ, ಕಣ್ಣೆದುರೇ ಹೊಳೆ ಹರಿಯುತ್ತಿರುವ ಮಾವನಿಗೆ ಹೇಗಾಗಿರಬೇಡ?

ಕಳೆದ ಚಳಿಗಾಲ ಅವನ ಮೊಣಕಾಲು ತೋರಿಸಲು ನಾವು ಮೂವರೂ ಕಲಬುರಗಿಗೆ ಹೋಗಿದ್ದೆವು. ಎಕ್ಸ್-ರೇ ತೆಗೆಸಿ ನೋಡಿದ ಡಾಕ್ಟರರು, "ಅಜ್ಜಾರ, ಈಜಾಕ ಬರ್ತದೇನು? ದಿನಾ ಅರ್ಧ ತಾಸು ನೀರಾಗಿರ್ರಿ. ಇದಕ್ಕಿಂತ ಚಲೋ ಔಷಧ ಇಲ್ಲ" ಎಂದರು.

ಮಾವ ಅಕ್ಕನ ಮುಖ ನೋಡಿದ. ಕೇಳುವವನ ಹಾಗಲ್ಲ, ಸುಮ್ಮನೆ ನೋಡಿದ.

"ಅದೊಂದು ಬಿಟ್ಟು ಬ್ಯಾರೆ ಏನರೆ ಹೇಳ್ರಿ ಡಾಕ್ಟ್ರೇ," ಎಂದಳು ಅಕ್ಕ. "ಇವರಿಗಿ ನೀರು ಕಂಡ್ರ ಬುದ್ಧಿ ಇರಂಗಿಲ್ಲ. ನನ್ನ ತಮ್ಮನ್ನ ಕೇಳ್ರಿ ಬೇಕಾದ್ರ."

ಡಾಕ್ಟರರು ನನ್ನತ್ತ ತಿರುಗಿದರು. ನಾನು ಮೇಜಿನ ಮೇಲಿದ್ದ ಎಕ್ಸ್-ರೇಯನ್ನು ಲಕೋಟೆಗೆ ಸೇರಿಸಿದೆ. ಬಸ್ಸಿನಲ್ಲಿ ಅವರ ಜೊತೆ ನಾನೂ ಹಳ್ಳಿಗೆ ಹೋದೆ. ಮನೆ ತಲುಪಿ ಅಕ್ಕ ಪುಂಡಿಪಲ್ಯ ಸೋಸಲು ಕುಳಿತಾಗ ಅವಳೆದುರು ನೆಲದ ಮೇಲೆ ಕುಳಿತೆ.

"ಅಕ್ಕಾ, ಅವತ್ತು ನಾ ಬ್ಯಾಡ ಅಂದಿದ್ದಿಲ್ಲ. ಅಲ್ಲೇ ಇಳೀರಿ ಅಂತ ಬೆರಳು ಮಾಡಿ ತೋರಿಸ್ದಾವ ನಾನೇ."

ಅವಳ ಕೈ ನಿಲ್ಲಲಿಲ್ಲ. ಇನ್ನೂ ನಾಲ್ಕೈದು ಎಲೆ ಬಿಡಿಸಿದಳು.

"ಬಿಡು ಅವನ್ನ," ಎಂದ ಮಾವ ಮಂಚದಿಂದ. "ಹುಡುಗ ಇದ್ದ ಆವಾಗ. ನೌಕರಿ ಹೋಗ್ತಿತ್ತು."

"ನೀವು ಸುಮ್ಮ ಕುಂದ್ರಿ. ನಿಮಗ ಆಮ್ಯಾಲ ಅದ." ಆಮೇಲೆ ನನಗೆ: "ದಿನಾ ಮುಂಜಾನಿ ಹೊಳಿಗಿ ಹೋಗಿ ಕುಂತು ಬರ್ತಿದ್ರು. ನಾ ಹಿಂದಿಂದ ಹೋಗಿ ನೋಡ್ತಿದ್ದೆ, ಎಲ್ಲಿ ಇಳೀತಾರೋ ಅಂತ. ಕಾಲು ಸೈತ ತೋಯಿಸ್ಕೊಂಡಿಲ್ಲ. ನನಗಾಗಿ ಅಂತ ತಿಳಕೊಂಡಿದ್ದೆ ನಾ. ನಿನಗಾಗಿ ಇತ್ತಲ್ಲೋ ಅದು."

ಪಲ್ಯದ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನಾನು ಶಹಾಬಾದಿಗೆ ಮರಳದೆ ಎರಡು ದಿನ ಅಲ್ಲೇ ಉಳಿದೆ. ಊಟ ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ.

ಮೂರನೆಯ ಬೆಳಿಗ್ಗೆ ಬಿಸಿಲೇರಿದ ಮೇಲೆ ಅವಳು ಮಾವನ ಕೈ ಹಿಡಿದು ಎಬ್ಬಿಸಿದಳು. ಅವನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಏನೋ ಹೇಳಿ ಇಳಿಸಿದಳು. ನನಗೆ ಕೇಳಿಸಲಿಲ್ಲ. ಇಬ್ಬರೂ ಹೊರಟರು. ನಾನೂ ಚಪ್ಪಲಿ ಮೆಟ್ಟಿದೆ.

"ನೀ ಬರಬ್ಯಾಡ," ಎಂದಳು.

ನಾನು ಕಟ್ಟೆಯ ಮೇಲೆ ಕುಳಿತೆ. ಅಲ್ಲಿಂದ ಹೊಳೆ ಕಾಣುವುದಿಲ್ಲ, ಹೊಳೆಗೆ ಇಳಿಯುವ ದಾರಿ ಮಾತ್ರ ಕಾಣುತ್ತದೆ. ಎಪ್ಪತ್ತು ದಾಟಿದ ಮನುಷ್ಯ, ಬಾಗದ ಮೊಣಕಾಲು, ಮೂವತ್ತು ಚಿಲ್ಲರೆ ವರ್ಷ ಹೊಳೆ ಮುಟ್ಟದ ಮೈ. ಅವನು ಹೇಗೆ ಇಳಿದನೋ, ತೋಳು ಹೇಗೆ ಚಾಚಿದನೋ, ನಾನು ನೋಡಲಿಲ್ಲ. ಅರ್ಧ ತಾಸಿನ ಮೇಲೆ ಇನ್ನೊಂದು ಅರ್ಧ ತಾಸಾಯಿತು. ಎರಡು ಸಲ ಎದ್ದು ನಿಂತೆ, ಎರಡು ಸಲವೂ ಕುಳಿತೆ.

ಕೊನೆಗೆ ದಾರಿಯಲ್ಲಿ ಕಾಣಿಸಿಕೊಂಡರು. ಮಾವನ ತಲೆಗೂದಲು ಹಣೆಗೆ ಅಂಟಿಕೊಂಡಿತ್ತು. ತುಟಿಗಳು ಚಳಿಗೆ ನಡುಗುತ್ತಿದ್ದವು. ಅವನು ನನ್ನನ್ನು ದಾಟಿ ಒಳಗೆ ಹೋದ. ಹೋಗುತ್ತ ಒದ್ದೆ ಅಂಗೈಯಿಂದ ನನ್ನ ಕುತ್ತಿಗೆಯನ್ನು ಒಮ್ಮೆ ಒತ್ತಿದ. ಈಜು ಕಲಿಯಲು ಹೆದರುವ ಹುಡುಗರನ್ನು ಅವನು ಹಿಡಿಯುತ್ತಿದ್ದದ್ದು ಹಾಗೆ.

ಅಕ್ಕ ನನ್ನೆದುರು ನಿಂತಳು. ಅವಳ ತೋಳ ಮೇಲೆ ಅವನ ಪಂಚೆ ಇತ್ತು, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು.

"ಹಿಂಡಿ ಒಣ ಹಾಕು ಇದಕ್ಕ," ಎಂದು ನನ್ನ ಕೈಗೆ ಕೊಟ್ಟಳು. "ನಾಳಿಗಿ ಮತ್ತ ಬೇಕಾಗ್ತದ."